ಒಂದಡಿಗೆ ಒಂದಿಂಚು

ಗೊಂಬೆಮನೆ ಅಂದ ಕೂಡಲೇ "ಅಯ್ಯೋ, ಅದು ಮಕ್ಕಳಾಟ" ಅನ್ನುವವರೇ ಜಾಸ್ತಿ. ಅರವತ್ತು ದಾಟಿದ ನನ್ನಂಥವಳು ಐಸ್‌ಕ್ರೀಮ್ ಕಡ್ಡಿ, ಫೆವಿಕಾಲ್ ಹರವಿಕೊಂಡು ಕೂತರಂತೂ ಕೇಳುವುದೇ ಬೇಡ. ಅರಳು ಮರಳು ಅಂತ ನಕ್ಕು ಮುಂದೆ ಹೋಗುತ್ತಾರೆ. ನಗಲಿ ಬಿಡಿ. ಆದರೆ ನನ್ನ ಪ್ರಕಾರ ಈ ಹವ್ಯಾಸ ಮಕ್ಕಳಿಗಿಂತ ನಮ್ಮಂಥವರಿಗೇ ಬೇಕು. ಅದರಲ್ಲೂ ಊರು ಬಿಟ್ಟು ಬಂದು ಮುಂಬೈಯಲ್ಲೋ ಪುಣೆಯಲ್ಲೋ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮೂರ್ನಾಲ್ಕು ದಶಕ ಕಳೆದವರಿಗೆ.

ಇತಿಹಾಸ ನೋಡಿದರೂ ಗೊಂಬೆಮನೆ ಮೊದಲಿಗೆ ಮಕ್ಕಳದ್ದಲ್ಲವೇ ಅಲ್ಲ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿರುವ ಪೆಟ್ರೊನೆಲ್ಲಾ ಊರ್ಟ್‌ಮನ್ ಎಂಬಾಕೆಯ ಗೊಂಬೆಮನೆ ಹದಿನೇಳನೇ ಶತಮಾನದ ಕೊನೆಯಲ್ಲಿ ಶುರುವಾದದ್ದು. ಅದು ಶ್ರೀಮಂತ ಗೃಹಿಣಿಯೊಬ್ಬಳ ಸಂಗ್ರಹ, ಮಕ್ಕಳು ಮುಟ್ಟುವ ವಸ್ತುವಲ್ಲ. ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿ ರಾಣಿ ಮೇರಿಯ ಗೊಂಬೆಮನೆ ಇದೆ. 1921ರಿಂದ 1924ರವರೆಗೆ ಕಟ್ಟಿದ್ದು. ವಿನ್ಯಾಸ ಯಾರದ್ದು ಗೊತ್ತಾ? ಅದೇ ಹೊತ್ತಿಗೆ ದೆಹಲಿಯಲ್ಲಿ ಇಂದಿನ ರಾಷ್ಟ್ರಪತಿ ಭವನ ಕಟ್ಟಿಸುತ್ತಿದ್ದ ಎಡ್ವಿನ್ ಲುಟ್ಯೆನ್ಸ್ ಅವರದ್ದು! ಆ ಪುಟ್ಟ ಮನೆಯ ನಲ್ಲಿಯಲ್ಲಿ ನೀರು ಬರುತ್ತದೆ, ದೀಪ ಹತ್ತುತ್ತದೆ, ಲಿಫ್ಟ್ ಓಡಾಡುತ್ತದೆ. ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ನಾರ್ಸಿಸಾ ಥಾರ್ನ್ ಎಂಬಾಕೆ ಮಾಡಿಸಿದ 68 ಕೋಣೆಗಳಿವೆ.

ರಾಣಿ ಮೇರಿಯ ಮನೆ, ಥಾರ್ನ್ ಕೋಣೆಗಳ ಅಳತೆಯೂ, ಇವತ್ತಿನ ಹವ್ಯಾಸಿಗಳು ಹೆಚ್ಚಾಗಿ ಬಳಸುವ ಅಳತೆಯೂ ಒಂದೇ: ಒಂದು ಅಡಿಗೆ ಒಂದು ಇಂಚು. ಐದೂವರೆ ಅಡಿಯ ಮನುಷ್ಯ ಐದೂವರೆ ಇಂಚಿನ ಗೊಂಬೆಯಾಗುತ್ತಾನೆ. ಕೇಳಲು ಸುಲಭ, ಮಾಡಲು ಕೂತರೆ ಗೊತ್ತಾಗುತ್ತದೆ. ಮರ ಬಟ್ಟೆಗಳು ನಮ್ಮ ಲೆಕ್ಕಕ್ಕೆ ಬಗ್ಗುವುದಿಲ್ಲ. ತೆಳುವಾದ ವಾಯಿಲ್ ಬಟ್ಟೆ ಕೂಡ ಗೊಂಬೆಯ ಮೈಮೇಲೆ ಕಂಬಳಿಯ ಹಾಗೆ ಸೆಟೆದು ನಿಲ್ಲುತ್ತದೆ. ಆದರೆ ಕೆಲವು ಸಲ ಅಡುಗೆಮನೆಯ ಡಬ್ಬಿಯಲ್ಲೇ ಪರಿಹಾರ ಸಿಗುತ್ತದೆ. ಸುಲಿದ ಅಡಿಕೆಯನ್ನು ಹನ್ನೆರಡು ಪಾಲು ಚಿಕ್ಕದು ಮಾಡಿದರೆ ಸರಿಯಾಗಿ ಒಂದು ಸಾಸಿವೆ ಕಾಳು! ನನ್ನ ಅಂಗಳದ ಚಾಪೆಯ ಮೇಲೆ ಒಣಗುತ್ತಿರುವ ಅಡಿಕೆ ಅದೇ.

ಇದು ಬಿಳಿಯರ ಶೋಕಿ, ನಮಗೇಕೆ ಅನ್ನುವವರಿಗೆ ಒಂದು ಮಾತು. ಮೈಸೂರಿನ ಕಡೆ ದಸರೆಗೆ ಗೊಂಬೆ ಕೂರಿಸುವವರು ಪಟ್ಟದ ಗೊಂಬೆಗಳ ಜೊತೆಗೆ ಶೆಟ್ಟಿಯ ಅಂಗಡಿ ಇಡುತ್ತಾರಲ್ಲ, ಅಕ್ಕಿ, ಬೇಳೆ, ಬೆಲ್ಲ ಎಲ್ಲಾ ಚಿಟಿಕೆ ಚಿಟಿಕೆ, ಅದೇನು ಮತ್ತೆ? ನಾನಿರುವ ಮಹಾರಾಷ್ಟ್ರದಲ್ಲಿ ಹಿತ್ತಾಳೆಯ ಅಡುಗೆ ಆಟದ ಸಾಮಾನಿಗೆ ಭಾತುಕಲಿ ಅಂತಾರೆ. ಹಳೆಯ ಮನೆಗಳಲ್ಲಿ ಅದನ್ನು ಜೋಪಾನ ಮಾಡಿ ಮೊಮ್ಮಕ್ಕಳಿಗೆ ಕೊಡುತ್ತಾರೆ. ದೀಪಾವಳಿಗೆ ಹುಡುಗರು ಕಟ್ಟಡದ ಮೂಲೆಯಲ್ಲಿ ಮಣ್ಣಿನ ಕೋಟೆ ಕಟ್ಟಿ ಶಿವಾಜಿ ಮಹಾರಾಜರನ್ನು ಕೂರಿಸುತ್ತಾರೆ. ಇನ್ನು ಭುಲೇಶ್ವರದ ಗಲ್ಲಿಗೆ ಹೋದರೆ ಬಾಲಕೃಷ್ಣನಿಗೆಂದು ಮಂಚ, ಹಾಸಿಗೆ, ಉಯ್ಯಾಲೆ, ಚಳಿಗಾಲಕ್ಕೆ ಸ್ವೆಟರ್ ಎಲ್ಲಾ ಬೆರಳುದ್ದದಲ್ಲಿ ಸಿಗುತ್ತವೆ. ನನ್ನ ಹಂಡೆ, ಚೊಂಬುಗಳೆಲ್ಲ ಅಲ್ಲಿಯವೇ.

ಹಾಗಾದರೆ ನನ್ನ ತಕರಾರು ಏನು? ಈಗ ಪೆಟ್ಟಿಗೆಯಲ್ಲಿ ಬರುವ ಕಿಟ್‌ಗಳನ್ನು ನೋಡಿ. ಇಂಗ್ಲಿಷ್ ಬೇಕರಿ, ಪ್ಯಾರಿಸ್ಸಿನ ಕಾಫಿ ಅಂಗಡಿ, ಬೆಂಕಿಗೂಡಿನ ಪಕ್ಕ ಸೋಫಾ. ಜೋಡಿಸಲು ಮಜಾ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಮನೆಗಳನ್ನು ಉಳಿಸಿಕೊಳ್ಳಲು ಆ ಊರಿನವರೇ ಇದ್ದಾರೆ. ನಮ್ಮ ಮನೆಗಳಿಗೆ ಯಾರಿದ್ದಾರೆ? ಸಿದ್ದಾಪುರದ ಹತ್ತಿರವಿದ್ದ ನಮ್ಮ ಹಳೇ ಮನೆಯನ್ನು 2009ರಲ್ಲಿ ಕೆಡವಿ ಆರ್‌ಸಿಸಿ ಮನೆ ಕಟ್ಟಿದರು. ತಪ್ಪೆನ್ನಲಾರೆ. ಸೋರುವ ಹಂಚಿನ ಮಾಡಿನ ಕೆಳಗೆ ಇರುವವರಿಗೆ ಗೊತ್ತು ಅದರ ಕಷ್ಟ. ಆದರೆ ಆ ಮನೆಯ ಫೋಟೋ ಹುಡುಕಿದರೆ ಸಿಕ್ಕಿದ್ದೆಲ್ಲ ಮದುವೆ ಮುಂಜಿಯವು. ಚಪ್ಪರ, ಹೆಬ್ಬಾಗಿಲು, ಸಾಲಾಗಿ ನಿಂತ ಜನ. ಅಡುಗೆಮನೆಯ ಫೋಟೋ ಒಂದೂ ಇಲ್ಲ. ಆಯಿ ದಿನದ ಅರ್ಧ ಕಳೆದ ಜಾಗ ಅದು!

ಫೋಟೋ ಇಲ್ಲದ್ದಕ್ಕೆ ಅಳತೆ ಹುಡುಕಬೇಕಾಯಿತು. ಅಡುಗೆಮನೆ ಹತ್ತಡಿ ಉದ್ದ ಇತ್ತು ಅಂತ ಅಣ್ಣ. ಅಲ್ಲ, ಹನ್ನೆರಡು ಅಂತ ಅಕ್ಕ. ಕೊನೆಗೆ ಅಕ್ಕನೇ ಫೋನಿನಲ್ಲಿ ಹೇಳಿದಳು, "ಗೋಡೆಗುಂಟ ಆರು ಮಣೆ ಹಾಕಿದ್ರೆ ಬಾಗಿಲಿಗೆ ದಾರಿ ಉಳೀತಿರ್ಲಿಲ್ಲ, ನೆನಪಿದ್ಯಾ?" ಒಬ್ಬರಿಗೆ ಎರಡಡಿ ಹಿಡಿದರೆ ಹನ್ನೆರಡಡಿ. ಸರಿ, ನನಗೆ ಹನ್ನೆರಡು ಇಂಚು. ಸುಮ್ಮನೆ "ನಮ್ಮ ಹಳೇ ಮನೆ ಎಷ್ಟು ಚಂದ ಇತ್ತು" ಅಂತ ಕೂತಿದ್ದರೆ ಈ ಮಣೆಯ ಸಾಲು ನೆನಪಿಗೆ ಬರುತ್ತಿತ್ತೇ? ಹಳೆಯದರ ಹಂಬಲಕ್ಕೆ ಅಳತೆಪಟ್ಟಿ ಬೇಕಿಲ್ಲ. ನೆನಪು ಬೇಕಾದರೆ ಅಳೆಯಲೇಬೇಕು.

ಅಳೆದಾಗ ಬೇಡದ್ದೂ ಬರುತ್ತದೆ. ಒಲೆಯ ಮೇಲಿದ್ದ ಕಿಂಡಿ ಒಂದಡಿಗೆ ಒಂದಡಿ, ಹಾಗಾಗಿ ನನ್ನ ಗೋಡೆಯಲ್ಲಿ ಒಂದಿಂಚಿನ ತೂತು. ಇಡೀ ಕೋಣೆಯನ್ನು ಒಟ್ಟಿಗೆ ಮೇಲಿನಿಂದ ನೋಡಿದಾಗ ಹೊಳೆಯಿತು. ಎರಡು ಒಲೆಯ ಹೊಗೆ ಇಷ್ಟರಲ್ಲೇ ಹೊರಗೆ ಹೋಗಬೇಕಿತ್ತು. ಮಳೆಗಾಲದಲ್ಲಿ ಹಸಿ ಸೌದೆ, ಕೈಯಲ್ಲಿ ಊದುಗೊಳವೆ. ಆಯಿಯ ಕೆಮ್ಮು ವಯಸ್ಸಿನದ್ದು ಅಂತಲೇ ಮನೆಮಂದಿ ಹೇಳುತ್ತಿದ್ದರು. ಹಾಗಾಗಿ ಇದ್ದಿಲ ಪುಡಿಯನ್ನು ಹತ್ತಿಯಲ್ಲಿ ಅದ್ದಿ ಗೋಡೆಗೂ ಮಾಡಿಗೂ ಕರಿ ಹಿಡಿಸಿದೆ.

ಅಲ್ಲಿಗೇ ನಿಲ್ಲಲಿಲ್ಲ. ಹಿತ್ತಿಲ ಜಗಲಿಯಲ್ಲಿ, ಮುಟ್ಟಾದಾಗ ನಾವು ಹೆಣ್ಣುಮಕ್ಕಳು ಕೂರುತ್ತಿದ್ದ ಮೂಲೆಯಲ್ಲಿ ಒಂದು ಚಾಪೆ, ಒಂದು ಲೋಟ ಇಟ್ಟೆ. ಅಂಗಳದ ಆಚೆ ಮಾಡಿನ ಸಂದಿಯಲ್ಲಿ ತೋಟದ ಕೆಲಸದವರಿಗೆಂದು ಸಿಕ್ಕಿಸಿಡುತ್ತಿದ್ದ ಕರಟ ಇಟ್ಟೆ. ಅಣ್ಣನಿಗೆ ಇಷ್ಟವಾಗಲಿಲ್ಲ. "ಅದೆಲ್ಲ ಯಾಕೆ ಮಾರಾಯ್ತಿ? ಚಂದ ಇದ್ದದ್ದಷ್ಟು ಮಾಡು. ನೋಡಿದವರು ಏನಂದ್ಕೊಳ್ತಾರೆ?" ಅಂದ. ಅವನ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಗೊಂಬೆಮನೆ ನೋಡುವವರು ಖುಷಿಗಾಗಿ ನೋಡುತ್ತಾರೆ. ಮೊಮ್ಮಗಳಿಗೆ ಕರಟದ ಅರ್ಥ ಹೇಗೆ ಹೇಳುವುದು? ಆದರೆ ಕರಟ ತೆಗೆದರೆ ಆ ಪ್ರಶ್ನೆಯೇ ಏಳುವುದಿಲ್ಲ. ಅದೇ ನನಗೆ ಬೇಡದ್ದು.

ಇಲ್ಲಿ ನನಗೆ ಧೈರ್ಯ ಕೊಟ್ಟದ್ದು ಅಮೆರಿಕದ ಫ್ರಾನ್ಸೆಸ್ ಗ್ಲೆಸ್ನರ್ ಲೀ. 1940ರ ದಶಕದಲ್ಲಿ ಆಕೆ ಒಂದಡಿಗೆ ಒಂದಿಂಚಿನ ಲೆಕ್ಕದಲ್ಲೇ ಕೋಣೆಗಳನ್ನು ಮಾಡಿದರು. ಆದರೆ ಪ್ರತಿ ದೃಶ್ಯದಲ್ಲೂ ಅನುಮಾನಾಸ್ಪದ ಸಾವು! ಪೊಲೀಸರಿಗೆ ಸೂಕ್ಷ್ಮವಾಗಿ ನೋಡುವುದನ್ನು ಕಲಿಸಲು ಮಾಡಿದ್ದು. ಪುಟ್ಟ ಕಾಲುಚೀಲವನ್ನೂ ಆಕೆ ಕೈಯಾರೆ ಹೆಣೆದರು. ಅವುಗಳಲ್ಲಿ ಅರಮನೆ ಇಲ್ಲ. ಹೆಚ್ಚಿನವು ಬಡವರ, ಸಾಧಾರಣ ಜನರ ಮನೆಗಳು. ಅದರಲ್ಲಿ 18 ಕೋಣೆಗಳು ಬಾಲ್ಟಿಮೋರಿನ ಶವಪರೀಕ್ಷಾ ಕಚೇರಿಯಲ್ಲಿವೆ, ತರಬೇತಿಗೆ ಬಳಕೆಯಾಗುತ್ತಿವೆ. ಮನೆಯನ್ನು ಚಿಕ್ಕದಾಗಿ ಮಾಡಿದರೆ ಅದು ಮುದ್ದಾಗಿಯೇ ಇರಬೇಕಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಹಾಗಂತ ನನ್ನ ಅಡುಗೆಮನೆ ಬರೀ ದುಃಖದ್ದಲ್ಲ. ನೆಲುವಿನ ಮೇಲೆ ಬೆಣ್ಣೆಯ ಗಡಿಗೆ ಇದೆ, ಒರಳಿದೆ, ಈಳಿಗೆ ಮಣೆ ಇದೆ. ಆರು ಮಣೆಯೂ ಇವೆ. ಎಲ್ಲಾ ಒಟ್ಟಿಗೇ ಇದ್ದವಲ್ಲ, ಒಟ್ಟಿಗೇ ಇರಲಿ.

ನಿಮ್ಮೂರಿನ ಮನೆ ಇನ್ನೂ ನಿಂತಿದ್ದರೆ, ಮುಂದಿನ ಸಲ ಹೋದಾಗ ಒಂದು ಟೇಪು ಒಯ್ಯಿರಿ. ಹೆಬ್ಬಾಗಿಲಿನ ಕೆತ್ತನೆ ಆಮೇಲೆ ನೋಡೋಣ, ಅದಕ್ಕೆ ಫೋಟೋ ಇದ್ದೇ ಇರುತ್ತದೆ. ಮೊದಲು ಅಡುಗೆಮನೆ, ಬಚ್ಚಲು, ಹಿತ್ತಿಲು ಅಳೆಯಿರಿ. ಯಾರು ಎಲ್ಲಿ ಕೂರುತ್ತಿದ್ದರು, ಯಾರು ಎಲ್ಲಿಯವರೆಗೆ ಬರಬಹುದಿತ್ತು ಅಂತ ಕೇಳಿ ಬರೆದುಕೊಳ್ಳಿ. ಹೇಳಬಲ್ಲ ಅತ್ತೆಯೋ ದೊಡ್ಡಮ್ಮನೋ ಇರುವಾಗಲೇ ಕೇಳಿ. ಐಸ್‌ಕ್ರೀಮ್ ಕಡ್ಡಿ, ಸಾಸಿವೆ ಆಮೇಲೆ ಹೇಗೂ ಸಿಗುತ್ತವೆ. ಏನಂತೀರಿ?