ಮೊಂಡಾದದ್ದು ಕತ್ತಿಯಲ್ಲ



ಕಳೆದ ಸಂಚಿಕೆಯಲ್ಲಿ ನಮ್ಮ ಸಂಘದ ಹಿರಿಯರೊಬ್ಬರು ಬರೆದ ಕ್ಷೌರಪುರಾಣವನ್ನು ಎಲ್ಲರೂ ಓದಿ ನಕ್ಕಿದ್ದೀರಿ. ನಾವೂ ನಕ್ಕೆವು. ಅರವತ್ತು ತುಂಬಿತೆಂದು ಮಗ ಕೊಡಿಸಿದ ಮಡಿಚುವ ಕ್ಷೌರದ ಕತ್ತಿ; ಮೊದಲ ದಿನ ಗದ್ದಕ್ಕೆ ಗಾಯ, ಮೂರನೆಯ ದಿನ ಕಿವಿಯ ಕೆಳಗೆ, ಎಂಟನೆಯ ದಿನ ಕತ್ತಿ ಮೊಂಡು, ಒಂಬತ್ತನೆಯ ದಿನ ಶೋಕೇಸಿನಲ್ಲಿ ಗಣಪತಿಯ ಪಕ್ಕ. ಅವರ ಹಾಸ್ಯಕ್ಕೆ ಕುಂದಿಲ್ಲ. ಆದರೆ ಕೊನೆಯ ಪ್ಯಾರಾದಲ್ಲಿ ಹಾಸ್ಯ ಬಿಟ್ಟು ತೀರ್ಪು ಕೊಟ್ಟಿದ್ದಾರೆ. ಈ ಕತ್ತಿಗೆ ಹರಿತ ನಿಲ್ಲುವುದಿಲ್ಲವಂತೆ. ನಿಲ್ಲಿಸಹೊರಟರೆ ದಿನವಿಡೀ ಅದೇ ಕೆಲಸವಂತೆ. ಇದು ಓದಿದವರಿಗೆ ಹೇಳಿದ್ದಲ್ಲ, 'ಅದಕ್ಕೆಂದೇ ಇರುವವರ' ಕಸುಬಂತೆ. ಮೊದಲ ಎರಡು ಮಾತು ತಪ್ಪು. ಮೂರನೆಯದನ್ನು ತಪ್ಪು ಎಂದು ಬಿಟ್ಟರೆ ಸಾಲದು, ಅದಕ್ಕೆ ಆಮೇಲೆ ಬರುತ್ತೇವೆ.

ನಾವು ಎಂದರೆ ಈ ಸಂಘದಲ್ಲಿ ದಿನಾ ಬೆಳಿಗ್ಗೆ ಇಂಥ ಕತ್ತಿಯಿಂದಲೇ ಗಡ್ಡ ಹೆರೆದುಕೊಂಡು ಕೆಲಸಕ್ಕೆ ಹೋಗುವ ಮೂವರು. ಒಬ್ಬರಿಗೆ 9 ವರ್ಷದ ಅಭ್ಯಾಸ, ಇಬ್ಬರಿಗೆ 5. ಮೂವರ ಕಿವಿಗಳೂ ಸ್ವಸ್ಥಾನದಲ್ಲಿವೆ.

ಮೊದಲು ಎಂಟನೆಯ ದಿನದ ವಿಚಾರ. ಕತ್ತಿ ಮೊಂಡಾಯಿತು ಎಂದು ಬರೆದವರು, ಆ ಎಂಟು ದಿನ ಅದನ್ನು ಚರ್ಮದ ಪಟ್ಟಿಗೆ ತೀಡಿದೆ ಎಂದು ಎಲ್ಲೂ ಬರೆದಿಲ್ಲ. ಫೋನು ಮಾಡಿ ವಿಚಾರಿಸಿದೆವು. "ಅದರ ಜೊತೆ ಒಂದು ಬೆಲ್ಟು ಬಂದಿತ್ತಪ್ಪ, ಡಬ್ಬದಲ್ಲೇ ಇದೆ" ಎಂದರು. ಎಣ್ಣೆ ಸವರದೆ ದೋಸೆ ಹೊಯ್ದು ಕಾವಲಿಯನ್ನು ಬೈದಂತಾಯಿತು!

ಆ 'ಬೆಲ್ಟು' ಏಕೆ ಬೇಕು ಎಂಬುದನ್ನು ತಿಳಿದರೆ ಮಿಕ್ಕದ್ದೆಲ್ಲ ತಾನೇ ತಿಳಿಯುತ್ತದೆ. ಚೆನ್ನಾಗಿ ಮಸೆದ ಕತ್ತಿಯ ಅಂಚು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ತೆಳು. ಗಡ್ಡದ ಕೂದಲು ಅದರ ನೂರು ಪಾಲಿಗೂ ಮೀರಿದ ದಪ್ಪ. ಅಷ್ಟು ತೆಳುವಾದ ಅಂಚು ಒಂದು ಸಲ ಮುಖದ ಮೇಲೆ ಓಡಾಡಿದರೆ ಅಲ್ಲಲ್ಲಿ ಬಾಗುತ್ತದೆ, ಒರಟಾಗುತ್ತದೆ. ಚರ್ಮದ ಪಟ್ಟಿ ಆ ಬಾಗನ್ನು ನೆಟ್ಟಗೆ ಮಾಡಿ ನಯಗೊಳಿಸುತ್ತದೆ, ಉಕ್ಕನ್ನು ಸವೆಸುವುದು ಇಲ್ಲವೆನ್ನುವಷ್ಟು ಕಡಿಮೆ. ಸಾಣೆಕಲ್ಲು ಹಾಗಲ್ಲ, ಅದು ಉಕ್ಕನ್ನು ತೆಗೆದು ಹೊಸ ಅಂಚು ಹುಟ್ಟಿಸುತ್ತದೆ. ಪಟ್ಟಿ ದಿನನಿತ್ಯದ್ದು, ಕಲ್ಲು ಯಾವಾಗಲೋ ಒಮ್ಮೆ. ಇದನ್ನು ಅದಲುಬದಲು ಮಾಡಿಕೊಂಡವರೇ ಈ ಕತ್ತಿಯನ್ನು ಹೆಚ್ಚಾಗಿ ಬೈಯುವವರು.

ತೀಡುವ ಕ್ರಮ ಬರೆದೇಬಿಡುತ್ತೇವೆ. ಪಟ್ಟಿಯ ಒಂದು ತುದಿಯನ್ನು ಗಟ್ಟಿಯಾದ ಕೊಕ್ಕೆಗೆ ಸಿಕ್ಕಿಸಿ ಇನ್ನೊಂದನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಪಟ್ಟಿ ಜೋಲುಬಿದ್ದರೆ ಅಂಚು ಉರುಟಾಗುತ್ತದೆ. ಕತ್ತಿಯ ಬೆನ್ನೂ ಅಂಚೂ ಒಟ್ಟಿಗೆ ಪಟ್ಟಿಗೆ ತಾಗಿರಬೇಕು. ಸಾಗುವಾಗ ಬೆನ್ನು ಮುಂದೆ, ಅಂಚು ಹಿಂದೆ. ತುದಿ ಮುಟ್ಟಿದಾಗ ಬೆನ್ನಿನ ಮೇಲೆ ಮಗುಚಬೇಕು. ಅಂಚಿನ ಮೇಲೆ ಮಗುಚಿದರೆ ಕತ್ತಿಗೂ ಪೆಟ್ಟು, ಪಟ್ಟಿಗೂ ಗಾಯ. ಕತ್ತಿಯ ತೂಕವೇ ಸಾಕು, ಕೈಯ ಭಾರ ಬೇಡ. ಬಟ್ಟೆಯ ಪಟ್ಟಿಯಲ್ಲಿ 20 ಸಲ ಹೋಗಿಬರುವುದು, ಚರ್ಮದಲ್ಲಿ 50 ಸಲ. ಎರಡು ನಿಮಿಷದೊಳಗೆ ಮುಗಿಯಿತು, ಇದೇ ಅವರು ಹೇಳಿದ 'ದಿನವಿಡೀ ಕೆಲಸ'. ಅವಸರ ಮಾತ್ರ ಕೂಡದು. ನಮ್ಮಲ್ಲೊಬ್ಬರು ಎರಡನೆಯ ದಿನವೇ ಸಿನಿಮಾದ ಸಲೂನಿನ ವೇಗದಲ್ಲಿ ತೀಡಲು ಹೋಗಿ ಹೊಸ ಪಟ್ಟಿಯನ್ನು ಚಂದ್ರಾಕಾರವಾಗಿ ಕೊಯ್ದರು. ಆ ಪಟ್ಟಿ ಈಗ ಅವರ ಮನೆಯಲ್ಲಿ ಸೂಟ್‌ಕೇಸು ಕಟ್ಟುವುದಕ್ಕೆ ಆಗಿದೆ.

ಇನ್ನು ಕಲ್ಲಿನ ಮೋಹ. ಕೆಲವರಿಗೆ ಕತ್ತಿ ತುಸು ಎಳೆದರೆ ಸಾಕು, ಅಡುಗೆಮನೆಯ ಚಾಕು ಮಸೆಯುವ ಕಲ್ಲಿಗೆ ಕೈ ಹೋಗುತ್ತದೆ. ಈಳಿಗೆಮಣೆಗೆ ನಡೆದೀತು, ಅಲ್ಲಿ ಕೊಯ್ಯುವುದು ಕುಂಬಳಕಾಯಿ. ಕ್ಷೌರದ ಕತ್ತಿಯ ಅಂಚಿನ ಕೋನವನ್ನು ಅದರ ಬೆನ್ನಿನ ದಪ್ಪವೇ ನಿರ್ಧರಿಸುತ್ತದೆ. ಅಲಗಿನ ಅಗಲ 20 ಮಿಲಿಮೀಟರು, ಬೆನ್ನು ಐದೂವರೆ ಮಿಲಿಮೀಟರು ಇದ್ದರೆ ಕೋನ ಸುಮಾರು 16 ಡಿಗ್ರಿ. ಬೆನ್ನನ್ನು ಕಲ್ಲಿಗೆ ಒತ್ತಿಯೇ ಮಸೆಯಬೇಕೆಂದು ಕತ್ತಿ ಮಾಡಿದವನು ಲೆಕ್ಕ ಹಾಕಿಟ್ಟಿದ್ದಾನೆ. ನಮ್ಮಲ್ಲಿ ಇನ್ನೊಬ್ಬರು ಇದನ್ನರಿಯದೆ, ತಂದೆಯವರು ಮೈಸೂರಿನಲ್ಲಿ ಬಳಸುತ್ತಿದ್ದ ಶೆಫೀಲ್ಡ್ ಕತ್ತಿಯನ್ನು ಬೆನ್ನೆತ್ತಿ ಹಿಡಿದು ಒರಟು ಕಲ್ಲಿಗೆ ಉಜ್ಜಿದರು. ಅಂಚೆಲ್ಲ ಗರಗಸವಾಯಿತು. ಅದನ್ನು ಸರಿಪಡಿಸಲು ಬಲ್ಲವರ ಕೈಗೆ ಕೊಡಬೇಕಾಯಿತು, ಅಲಗು ಒಂದು ಕೂದಲೆಳೆಯಷ್ಟು ಕಿರಿದಾಗಿಯೇ ಹಿಂದಿರುಗಿತು. ತಂದೆಯವರು 30 ವರ್ಷದಲ್ಲಿ ಸವೆಸದ ಉಕ್ಕನ್ನು ಮಗ ಒಂದೇ ಭಾನುವಾರ ಸವೆಸಿದರು.

1000 ನಂಬರಿನ ಕಲ್ಲು ಬೇಕಾಗುವುದು ಅಂಚು ಮುರಿದಾಗ ಅಥವಾ ಹಳೆಯ ಕತ್ತಿಗೆ ಹೊಸ ಅಂಚು ಕಟ್ಟುವಾಗ ಮಾತ್ರ. ಅಲ್ಲಿಂದ 4000, 8000, 12000 ಎಂದು ನುಣುಪಿಗೆ ಏರಬೇಕು. ದಿನವೂ ತೀಡುವವನಿಗೆ ನಾಲ್ಕಾರು ತಿಂಗಳಿಗೊಮ್ಮೆ, ಆ ಕೊನೆಯ ನುಣುಪು ಕಲ್ಲಿನಲ್ಲಿ ನೀರು ಹಾಕಿ ಹತ್ತು ಹದಿನೈದು ಎಳೆತ ಸಾಕು. ಕಲ್ಲಿನ ಮೇಲೆ ಅಂಚು ಮುಂದೆ ಸಾಗುತ್ತದೆ, ಪಟ್ಟಿಗೆ ತದ್ವಿರುದ್ಧ. ಬೆಲ್ಜಿಯಂನ ಆರ್ಡೆನ್ ಬೆಟ್ಟಗಳ ಹಳದಿ ಕಲ್ಲು, ಗಾರ್ನೆಟ್ ಕಣಗಳಿರುವ ಕೋಟಿಕ್ಯೂಲ್, ಸಿಕ್ಕವರು ಪುಣ್ಯವಂತರು. ಸಿಗದಿದ್ದರೂ ಗಡ್ಡವೇನೂ ನಿಲ್ಲುವುದಿಲ್ಲ. ಇನ್ನೊಂದು: ಅಂಗಡಿಯಿಂದ ಬಂದ ಹೊಸ ಕತ್ತಿಗಳೆಲ್ಲ ಮುಖಕ್ಕೆ ಸಿದ್ಧವಾಗಿರುವುದಿಲ್ಲ. ಕೈಯಲ್ಲಿ ಮಸೆದಿದ್ದಾರೆಯೇ ಎಂದು ಕೇಳಿ ಕೊಳ್ಳಬೇಕು. ನಮ್ಮ ಹಿರಿಯರ ಗದ್ದದ ಗಾಯಕ್ಕೆ ಇದೇ ಕಾರಣವಿರಬಹುದೆಂದು ನಮ್ಮ ಗುಮಾನಿ. ಮೊಂಡು ಕತ್ತಿಯನ್ನೇ ಒತ್ತಿ ಎಳೆಯುತ್ತೇವೆ, ಒತ್ತಿದ್ದರಿಂದಲೇ ಕೊಯ್ದುಕೊಳ್ಳುತ್ತೇವೆ.

ಹರಿತಕ್ಕೆ ಈ ದೇಶದಲ್ಲಿ ಇನ್ನೊಬ್ಬ ಶತ್ರುವಿದ್ದಾನೆ. ಕಿಟಕಿಯಿಲ್ಲದ ಸ್ನಾನದ ಮನೆ, ಎಂಟು ತಿಂಗಳ ಥಂಡಿ. ಕಾರ್ಬನ್ ಉಕ್ಕಿಗೆ ರಾತ್ರೋರಾತ್ರಿ ತುಕ್ಕು ಹಿಡಿಯುತ್ತದೆ, ಅದೂ ಅತಿ ತೆಳುವಾದ ಅಂಚಿಗೇ ಮೊದಲು. ಒರೆಸಿ ಒಣಗಿಸಿ, ಕತ್ತಿಯನ್ನು ಬೇರೆ ಕೋಣೆಯಲ್ಲಿಡಿ. ನಾಲ್ಕು ದಿನ ಬಳಸುವುದಿಲ್ಲವೆಂದರೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿ. ನಮ್ಮವರ ಸರ್ವರೋಗಕ್ಕೂ ಮದ್ದಾದ ಕೊಬ್ಬರಿ ಎಣ್ಣೆ ಇಲ್ಲಿನ ಚಳಿಗೆ ಹೆಪ್ಪುಗಟ್ಟಿ ಕೂರುತ್ತದೆ.

ಕೂದಲಿನಂಥ ಮೆತ್ತನೆಯ ವಸ್ತು ಉಕ್ಕನ್ನು ಏನು ಮಾಡೀತು ಎನ್ನುವವರೂ ಇದ್ದಾರೆ. ಅಮೆರಿಕದ ಎಂ.ಐ.ಟಿ.ಯ ಸಂಶೋಧಕರು ಬಳಸಿ ಎಸೆಯುವ ರೇಜರುಗಳನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಉಕ್ಕು ಕೂದಲಿಗಿಂತ 50 ಪಟ್ಟು ಗಟ್ಟಿ. ಆದರೂ ಕೂದಲು ಬಾಗಿ ಅಂಚಿಗೆ ಓರೆಯಾಗಿ ಎರಗಿದ ಕಡೆ, ಉಕ್ಕಿನ ಹದ ಒಂದೇ ಸಮವಿಲ್ಲದ ಜಾಗದಲ್ಲಿ, ಅಂಚು ಚಕ್ಕೆಯೇಳುತ್ತದೆ. ಆದ್ದರಿಂದ ಬಿಸಿನೀರಿನಲ್ಲಿ ಗಡ್ಡವನ್ನು ಎರಡು ಮೂರು ನಿಮಿಷ ನೆನೆಸಿ, ನೊರೆಯನ್ನು ಚೆನ್ನಾಗಿ ತಿಕ್ಕಿ, ಚರ್ಮ ಬಿಗಿಹಿಡಿದು, ಕತ್ತಿಯನ್ನು ಮುಖಕ್ಕೆ 30 ಡಿಗ್ರಿಯಷ್ಟು ವಾಲಿಸಿ ಹೆರೆಯುವುದೂ ಹರಿತ ಕಾಯುವ ಕೆಲಸವೇ.

ಇಷ್ಟೆಲ್ಲ ಏಕೆ, ಐದು ಅಲಗಿನದು ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುವುದಿಲ್ಲವೇ ಎಂದರೆ, ಸಿಗುತ್ತದೆ. ಕಿಂಗ್ ಕ್ಯಾಂಪ್ ಜಿಲೆಟ್ ಬದಲಾಯಿಸುವ ಬ್ಲೇಡಿಗೆ ಪೇಟೆಂಟ್ ಪಡೆದದ್ದು 1904ರಲ್ಲಿ. ಅದಕ್ಕೂ ಮೊದಲು ಅವರು ಬಾಟಲಿಯ ಬಿರಡೆ ಮಾರುವ ಕಂಪನಿಯಲ್ಲಿದ್ದವರು. ಒಮ್ಮೆ ಬಳಸಿ ಎಸೆಯುವಂಥದ್ದನ್ನು ಕಂಡುಹಿಡಿ, ಗಿರಾಕಿ ಮತ್ತೆ ಮತ್ತೆ ಬರುತ್ತಾನೆ ಎಂಬ ಸಲಹೆ ಅಲ್ಲಿಯೇ ಸಿಕ್ಕಿತಂತೆ. 1971ರಲ್ಲಿ ಎರಡು ಅಲಗು, 1998ರಲ್ಲಿ ಮೂರು, 2006ರಲ್ಲಿ ಐದು. ಮನುಷ್ಯನ ಗಡ್ಡ ಮಾತ್ರ ಅಷ್ಟೇ ಇದೆ. ನಾಲ್ಕು ತಲೆಗಳಿಗೆ ಹತ್ತು ಪೌಂಡು ದಾಟುತ್ತದೆ, ಪ್ಲಾಸ್ಟಿಕ್ಕು ಕಸಕ್ಕೆ. ಆದರೂ ಕೈ ನಡುಗುವವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಅದನ್ನೇ ಬಳಸಲಿ, ನಮ್ಮ ತಕರಾರಿಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕತ್ತಿ ಬೀಗದೊಳಗಿರಲಿ. ಅಪ್ಪ ಮಗ ಒಂದೇ ಕತ್ತಿ ಹಂಚಿಕೊಳ್ಳುವುದೂ ಬೇಡ, ಹೆಪಟೈಟಿಸ್‌ನಂಥ ರೋಗಗಳು ರಕ್ತದಿಂದ ದಾಟುತ್ತವೆ.

ಈಗ ಆ ಮೂರನೆಯ ಮಾತು. 'ಅದಕ್ಕೆಂದೇ ಇರುವವರು' ಯಾರೆಂದು ನಮಗೂ ಗೊತ್ತು, ಬರೆದವರಿಗೂ ಗೊತ್ತು. ನಮ್ಮ ಊರುಗಳಲ್ಲಿ ಕ್ಷೌರಿಕರು ಹಡಪ ಬಿಚ್ಚಿ, ಕತ್ತಿಯನ್ನು ಅಂಗೈಯ ಮೇಲೆ ತೀಡಿ, ಕಂಬದ ಪಕ್ಕ ಕೂರಿಸಿ ಅಜ್ಜಂದಿರ ಮುಖವನ್ನು ನುಣ್ಣಗೆ ಮಾಡುತ್ತಿದ್ದರು. ಅವರನ್ನು ಹಿತ್ತಲ ಕಡೆಯಿಂದ ಬರಮಾಡಿಕೊಂಡು, ಕೆಲಸವಾದ ಮೇಲೆ ಮೈಲಿಗೆಯೆಂದು ಸ್ನಾನಕ್ಕೆ ಓಡಿದವರು ನಮ್ಮ ಮನೆಯವರೇ. ಬಸವಣ್ಣನವರ ಒಡನಾಡಿ ಹಡಪದ ಅಪ್ಪಣ್ಣನವರ ಹೆಸರನ್ನು ಬಸವ ಜಯಂತಿಯ ಭಾಷಣದಲ್ಲಿ ಹೇಳುವುದು, ಸಂಚಿಕೆಯಲ್ಲಿ ಹೀಗೆ ಬರೆಯುವುದು, ಎರಡೂ ಒಂದೇ ಸಂಘದಲ್ಲಿ ನಡೆಯಬಾರದು. ಕೂದಲು ನಿಂತಲ್ಲೇ ಕಡಿಯುವ ಅಂಚನ್ನು ಅಂಗೈ ಚರ್ಮದ ಮೇಲೆ ಕಾಯ್ದುಕೊಂಡ ಆ ಕೈಯ ಕಸುಬಿಗೆ ಎಂಜಿನಿಯರುಗಳಾದ ನಾವು ಮೂವರು ಇನ್ನೂ ಅರ್ಧದಾರಿಯೂ ಬಂದಿಲ್ಲ. ಈಗ ಊರಿನ ಸಲೂನುಗಳಲ್ಲೂ ಗಿರಾಕಿಗೊಂದು ಹೊಸ ಬ್ಲೇಡು ಸಿಕ್ಕಿಸುವ ಕತ್ತಿ ಬಂದಿದೆ. ಆರೋಗ್ಯದ ದೃಷ್ಟಿಯಿಂದ ಅದೇ ಸರಿ. ಆದರೆ ತೀಡಬಲ್ಲವರು ಅಲ್ಲಿಯೂ ಕಡಿಮೆಯಾಗುತ್ತಿದ್ದಾರೆ. ಮುಂದಿನ ಸಲ ಊರಿಗೆ ಹೋದಾಗ ವಯಸ್ಸಾದ ಕ್ಷೌರಿಕರು ಯಾರಾದರೂ ಸಿಕ್ಕರೆ, ಪಕ್ಕದಲ್ಲಿ ಕುಳಿತು ನೋಡಿ ಬನ್ನಿ, ನಾವಂತೂ ಹೋಗುವವರಿದ್ದೇವೆ.

ಹಿರಿಯರಲ್ಲಿ ಒಂದು ವಿನಂತಿ. ಕತ್ತಿಯನ್ನು ರಾಜ್ಯೋತ್ಸವದ ದಿನ ಹಾಲಿಗೆ ತರಬೇಡಿ, ಈ ದೇಶದಲ್ಲಿ ಸಕಾರಣವಿಲ್ಲದೆ ಅಲಗನ್ನು ಜೇಬಿನಲ್ಲಿಟ್ಟು ಓಡಾಡುವುದು ಅಪರಾಧ. ಯಾವುದಾದರೂ ಶನಿವಾರ ನಾವೇ ನಿಮ್ಮ ಮನೆಗೆ ಕಲ್ಲು ಹಿಡಿದುಕೊಂಡು ಬರುತ್ತೇವೆ. ಆ ಬೆಲ್ಟನ್ನು ಡಬ್ಬದಿಂದ ತೆಗೆದಿಟ್ಟಿರಿ. ಕಾಫಿ ಫಿಲ್ಟರಿನದೇ ಆಗಲಿ.

ಇತಿ,
ನಿಮ್ಮ ಮೂವರು ಸದಸ್ಯರು