ಸೂಜಿ ಚುಚ್ಚಿದ್ದನ್ನು ಮುಚ್ಚಿಡುವ ಮಕ್ಕಳು

ಜಿಲ್ಲಾಸ್ಪತ್ರೆಗೆ ನಾವು ವರದಿಗಾರರು ಓಡುವುದು ಅಪಘಾತವಾದಾಗ, ವಿಷ ಕುಡಿದವರನ್ನು ತಂದಾಗ, ಇಲ್ಲವೇ ಮಂತ್ರಿಗಳು ಬಂದಾಗ. ಆಗೆಲ್ಲ ಟ್ರೇ ಹಿಡಿದು ಗೋಡೆಗೆ ಒತ್ತಿ ನಿಂತು ನಮಗೆ ದಾರಿ ಬಿಡುವ ಯೂನಿಫಾರ್ಮಿನ ಹುಡುಗಿಯರಿರುತ್ತಾರೆ. ರೋಗಿಗಳಿಗೆ ಅವರು ‘ಸಿಸ್ಟರ್’, ಸಿಬ್ಬಂದಿಗೆ ‘ಏ ಸ್ಟೂಡೆಂಟ್’. ಬಹುಪಾಲು ಹಳ್ಳಿಯ ಮಕ್ಕಳು. ಜಿಎನ್‌ಎಂ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಅದರಲ್ಲಿ ದೊಡ್ಡ ಪಾಲು ಕಳೆಯುವುದು ಕ್ಲಿನಿಕಲ್ ಪೋಸ್ಟಿಂಗ್ ಹೆಸರಿನಲ್ಲಿ ಈ ವಾರ್ಡುಗಳಲ್ಲೇ.

ಪೋಸ್ಟಿಂಗಿನಲ್ಲಿ ಏನು ಕಲಿಸುತ್ತಾರೆ ಎಂದು ಎರಡನೇ ವರ್ಷದ ಒಬ್ಬಳನ್ನು ಕೇಳಿದೆವು. ಬೆಡ್‌ಶೀಟ್ ಬದಲಿಸುವುದು, ಬಿಪಿ, ಜ್ವರ ನೋಡಿ ಚಾರ್ಟ್ ತುಂಬುವುದು, ರಕ್ತದ ಸ್ಯಾಂಪಲ್ ಲ್ಯಾಬಿಗೆ ಒಯ್ಯುವುದು, ವೀಲ್‌ಚೇರ್ ನೂಕುವುದು ಎಂದು ಪಟ್ಟಿ ಕೊಟ್ಟಳು. ಕಾಲೇಜಿನ ಟ್ಯೂಟರ್ ಬೆಳಿಗ್ಗೆ ಹಾಜರಿ ತೆಗೆದುಕೊಂಡು ಹೋದರೆ ಮತ್ತೆ ಕಾಣುವುದು ಮರುದಿನ. ಅದೂ ಇದೂ ಮಾತಾಡುತ್ತಾ ಹೇಳಿದಳು: “ಹೋದ ತಿಂಗಳು ನಂಗ ಸೂಜಿ ಚುಚ್ಚಿತ್ರಿ ಅಣ್ಣಾರ. ಯಾರಿಗೂ ಹೇಳಿಲ್ಲ. ಹೇಳಿದ್ರ ಇಷ್ಟೂ ಬರಂಗಿಲ್ಲೇನು ಅಂತ ಎಲ್ಲಾರ ಮುಂದ ಬೈತಾರ. ಆ ಪೇಷಂಟ್ ಫೈಲ್ ತೆಗೆದು ನೋಡಾಕೂ ಧೈರ್ಯ ಆಗ್ಲಿಲ್ಲ.”

ಬಳಸಿದ ಸೂಜಿ ಚುಚ್ಚಿದರೆ ಹೇಳದೆ ಸುಮ್ಮನಿರುವುದು ಎಂಥ ಅಪಾಯ ಎಂಬುದು ಅವಳ ಪಠ್ಯದಲ್ಲೇ ಇದೆ. ರೋಗಿಗೆ ಎಚ್‌ಐವಿ ಇದ್ದರೆ ಚುಚ್ಚಿಸಿಕೊಂಡವರಿಗೆ ತಗಲುವ ಸಂಭವ ಸಾವಿರಕ್ಕೆ ಸುಮಾರು ಮೂರು. ಕಡಿಮೆಯೇ. ಹೆಪಟೈಟಿಸ್ ಬಿ ಹಾಗಲ್ಲ. ಲಸಿಕೆ ಹಾಕಿಸಿಕೊಳ್ಳದವರಲ್ಲಿ ಅದು ನೂರಕ್ಕೆ 30ರವರೆಗೂ ಹೋಗುತ್ತದೆ. ಎಚ್‌ಐವಿ ತಡೆಯುವ ಮಾತ್ರೆಯನ್ನು ಸಾಧ್ಯವಾದರೆ 2 ಗಂಟೆಯೊಳಗೆ, ಹೆಚ್ಚೆಂದರೆ 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗಬೇಕು. ಮೂರು ದಿನ ಕಳೆದರೆ ಅದರಿಂದ ಪ್ರಯೋಜನವಿಲ್ಲ. ಅವಳು ನಮಗೆ ಹೇಳುವ ಹೊತ್ತಿಗೆ ಉಳಿದಿದ್ದುದು ರಕ್ತಪರೀಕ್ಷೆ ಮಾತ್ರ. ಮಾಡಿಸಿಕೊಂಡಳು, ನೆಗೆಟಿವ್ ಬಂತು. ಒಂದೇ ಪರೀಕ್ಷೆಗೆ ಮುಗಿಯುವುದಿಲ್ಲ, ಇನ್ನೂ ಮಾಡಿಸಬೇಕು. ಮನೆಯಲ್ಲಿ ತಿಳಿದರೆ ಕಾಲೇಜು ಬಿಡಿಸುತ್ತಾರೆ ಎಂಬ ಹೆದರಿಕೆ ಬೇರೆ.

ನಮಗೆ ಸಿಟ್ಟು ಬರುವುದು ಇಲ್ಲಿ. ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು, ಕಟರ್‌ನಲ್ಲಿ ಕತ್ತರಿಸಿ ಗಟ್ಟಿ ಡಬ್ಬಿಗೆ ಹಾಕಬೇಕು ಎಂದು ಕ್ಲಾಸಿನಲ್ಲಿ ಬರೆಸುತ್ತಾರೆ. ವಾರ್ಡಿನಲ್ಲಿ ಕಟರ್ ಇರುವುದು ನರ್ಸ್ ಟೇಬಲ್ ಮೇಲೆ, ಇಂಜೆಕ್ಷನ್ ಕೊಡುವುದು ಕೊನೆಯ ಮಂಚದಲ್ಲಿ. ಹುಡುಗಿ ಮುಚ್ಚಳ ಹಾಕದೆ ಸೂಜಿಯನ್ನು ಅಲ್ಲಿಂದ ಇಲ್ಲಿಗೆ ಹೇಗೆ ತರಬೇಕು? ಹಿರಿಯರೂ ಮುಚ್ಚಳ ಹಾಕುವುದನ್ನೇ ಅವಳು ದಿನಾ ನೋಡುತ್ತಾಳೆ. ಚುಚ್ಚಿದ ಮೇಲೆ ಮಾತ್ರ ತಪ್ಪು ಅವಳದು.

ಸ್ಟಾಫ್ ನರ್ಸ್‌ಗಳನ್ನು ದೂರಿ ಪ್ರಯೋಜನವಿಲ್ಲ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬರೇ ನೋಡಿಕೊಳ್ಳುವವರನ್ನು ನಾವು ಕಂಡಿದ್ದೇವೆ. ಅವರು ಯಾರಿಗೆ ಏನು ಕಲಿಸಿಯಾರು? ಕಲಿಸುವುದು ಶುಲ್ಕ ತೆಗೆದುಕೊಂಡ ಕಾಲೇಜಿನ ಕೆಲಸ. ಮೇ 12ರಂದು ನರ್ಸ್ ದಿನಾಚರಣೆಗೆ, ದೀಪ ಬೆಳಗುವ ಕಾರ್ಯಕ್ರಮಕ್ಕೆ ಫೋಟೊ ಹಾಕಿಸಿ ಎಂದು ಕಾಲೇಜಿನವರು ನಮಗೆ ತಪ್ಪದೆ ಫೋನ್ ಮಾಡುತ್ತಾರೆ. (ಊಟವೂ ಚೆನ್ನಾಗಿರುತ್ತದೆ.) ಅದೇ ಕಾಲೇಜಿಗೆ, ರಾತ್ರಿ ಎರಡು ಗಂಟೆಗೆ ಸೂಜಿ ಚುಚ್ಚಿಸಿಕೊಂಡ ವಿದ್ಯಾರ್ಥಿನಿ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿದರೆ ಉತ್ತರವಿಲ್ಲ.

ಆ ನಂಬರನ್ನು ಪ್ರತಿ ವಾರ್ಡಿನ ಗೋಡೆಗೆ ಅಂಟಿಸಲಿ. ಚುಚ್ಚಿದೆ ಎಂದು ಹೇಳಿದವಳ ಅಂಕ ಕತ್ತರಿಸುವುದಿಲ್ಲ ಎಂದು ಪ್ರಿನ್ಸಿಪಾಲರು ಬರಹದಲ್ಲಿ ಕೊಡಲಿ. ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮದಲ್ಲಿ ಆರೋಗ್ಯ ಸಿಬ್ಬಂದಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಬೇಕು ಎಂದಿದೆ; ಅದೇ ಸೂಜಿ ಹಿಡಿಯುವ ವಿದ್ಯಾರ್ಥಿಗಳನ್ನು ಅದರಿಂದ ಹೊರಗಿಡಲು ನಮಗಂತೂ ಕಾರಣ ಕಾಣುವುದಿಲ್ಲ. ಮಗಳನ್ನು ನರ್ಸಿಂಗ್‌ಗೆ ಸೇರಿಸಲು ಹೋಗುವ ಅಪ್ಪ ಅಮ್ಮ ಹಾಸ್ಟೆಲ್, ಬಸ್ಸು ವಿಚಾರಿಸುವಾಗಲೇ ಲಸಿಕೆ ಯಾವಾಗ ಎಂದೂ ಕೇಳಬೇಕು. ಮೂರು ಡೋಸ್ ಮುಗಿಯಲು ಆರು ತಿಂಗಳು ಹಿಡಿಯುತ್ತದೆ. ನಾವು ಮಾತಾಡಿಸಿದ ಹುಡುಗಿಯನ್ನು ಮೊದಲ ಪೋಸ್ಟಿಂಗಿಗೆ ಕಳಿಸಿದ್ದು ಸೇರಿದ ನಾಲ್ಕನೇ ತಿಂಗಳಿಗೆ.