ಯಾವ ಪುಸ್ತಕದಲ್ಲೂ ಸೋಲದ ಗ್ಯಾಂಗ್‌ಗಳು

ಹಾಸ್ಟೆಲ್‌ನಲ್ಲಿ ವೀಕೆಂಡ್ ರಾತ್ರಿ ಪ್ರೀಮಿಯರ್ ಲೀಗ್ ನೋಡೋರಲ್ಲಿ ‘ಗ್ರೀನ್ ಸ್ಟ್ರೀಟ್’ ಸಿನಿಮಾ ನೋಡದವರು ಕಮ್ಮಿ. ಹಾರ್ವರ್ಡ್‌ನಿಂದ ಡಿಬಾರ್ ಆದ ಹುಡುಗನೊಬ್ಬ ಲಂಡನ್‌ಗೆ ಹೋಗಿ, ವೆಸ್ಟ್ ಹ್ಯಾಮ್ ಅಭಿಮಾನಿಗಳ ಗ್ಯಾಂಗ್ ಸೇರಿ, ಹೊಡೆದಾಡುತ್ತಾ ‘ಗಂಡಸು’ ಆಗೋ ಕಥೆ. ಕಾಲೇಜಿನಿಂದ ಹೊರಬಿದ್ದವನೇ ಹೀರೋ ಅಂದಮೇಲೆ ನಮಗೆ ಇಷ್ಟವಾಗದೆ ಇರುತ್ತಾ? 2005ರ ಆ ಸಿನಿಮಾ ಬರೆದವರಲ್ಲಿ ಒಬ್ಬ ಡಗ್ಗಿ ಬ್ರಿಮ್ಸನ್. ಅವನ ಹೆಸರು ಹಿಡಿದು ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಒಂದು ಕಪಾಟು ತುಂಬುವಷ್ಟು ಪುಸ್ತಕಗಳು. ಇಂಗ್ಲೆಂಡಿನ ಫುಟ್‌ಬಾಲ್ ಪುಂಡರು ತಾವೇ ಬರೆದ, ಇಲ್ಲವೇ ಇನ್ನೊಬ್ಬರ ಕೈಲಿ ಬರೆಸಿದ ನೆನಪುಗಳು.

1989ರಲ್ಲಿ ಕಾಲಿನ್ ವಾರ್ಡ್‌ನ ‘ಸ್ಟೀಮಿಂಗ್ ಇನ್’ ಬಂತು. 1996ರಲ್ಲಿ ಬ್ರಿಮ್ಸನ್ ಸೋದರರ ‘ಎವ್ರಿವೇರ್ ವಿ ಗೋ’. ಆಮೇಲೆ ಸಾಲುಸಾಲು. ‘ಹಿಟ್ ಅಂಡ್ ಟೆಲ್’ ಅಂತ ಈ ಜಾತಿಯ ಪುಸ್ತಕಗಳಿಗೆ ಅಡ್ಡಹೆಸರೇ ಬಿತ್ತು. ಮೊದಲು ಹೊಡಿ, ಆಮೇಲೆ ಹೇಳು.

ಸುಳ್ಳು ಹೇಳಲ್ಲ, ಓದೋಕೆ ಮಜಾ ಇದೆ. ಪೊಲೀಸರು ಕಾಯುತ್ತಿದ್ದ ಅಭಿಮಾನಿಗಳ ಸ್ಪೆಷಲ್ ರೈಲು ಬಿಟ್ಟು, ಸಭ್ಯರ ಹಾಗೆ ಸಾಮಾನ್ಯ ಇಂಟರ್‌ಸಿಟಿ ರೈಲು ಹತ್ತಿ ಹೋಗಿ ಹೊಡೆದಾಡಿದ್ದಕ್ಕೇ ವೆಸ್ಟ್ ಹ್ಯಾಮ್ ಗ್ಯಾಂಗಿಗೆ ‘ಇಂಟರ್ ಸಿಟಿ ಫರ್ಮ್’ ಅಂತ ಹೆಸರು. ಕ್ಲಬ್ಬಿನ ಸ್ಕಾರ್ಫ್ ಬಿಸಾಕಿ ದುಬಾರಿ ಇಟಾಲಿಯನ್ ಬ್ರ್ಯಾಂಡಿನ ಬಟ್ಟೆ ಹಾಕಿದರೆ ಪೊಲೀಸರಿಗೆ ಗುರುತೇ ಸಿಗಲ್ಲ ಅನ್ನೋ ಲೆಕ್ಕದಿಂದ ಒಂದು ಫ್ಯಾಶನ್ನೇ ಬೆಳೆದದ್ದು ಇನ್ನೊಂದು ಕಥೆ. ಕ್ಯಾಸ್ ಪೆನಂಟ್‌ನ ಆತ್ಮಕಥೆಯನ್ನಂತೂ ನಾವು ಒಬ್ಬರಿಂದ ಒಬ್ಬರು ಕಿತ್ತುಕೊಂಡು ಓದಿದೆವು. ಬಿಳಿಯರ ಮನೆಯಲ್ಲಿ ಸಾಕುಮಗನಾಗಿ ಬೆಳೆದ ಕಪ್ಪು ಹುಡುಗ. ಹುಟ್ಟಿದಾಗ ಇಟ್ಟ ಹೆಸರು ಕ್ಯಾರಲ್, ಅದಕ್ಕೆ ಶಾಲೆಯಲ್ಲಿ ಗೇಲಿ. ಬಾಕ್ಸರ್ ಕ್ಯಾಸಿಯಸ್ ಕ್ಲೇ ಹೆಸರಿನಿಂದ ‘ಕ್ಯಾಸ್’ ಅಂತ ಮಾಡಿಕೊಂಡ. ಜನಾಂಗದ್ವೇಷ ತುಂಬಿದ್ದ ಆ ಕಾಲದ ಗ್ಯಾಲರಿಗಳಲ್ಲಿ ಇಂಥವನೊಬ್ಬ ಗ್ಯಾಂಗಿನ ಮುಂದಾಳಾದ. ಅವನಿಗೆ ಫರ್ಮ್ ಯಾಕೆ ಬೇಕಾಯಿತು ಅಂತ ಕೇಳುವ ಅಗತ್ಯವೇ ಬೀಳಲ್ಲ.

ನಮ್ಮ ತಕರಾರು ಬೇರೆ. ಇಷ್ಟೊಂದು ಗ್ಯಾಂಗ್‌ಗಳು ಪುಸ್ತಕ ಬರೆದಿವೆ, ಆದರೆ ಸೋತ ಗ್ಯಾಂಗಿನ ಪುಸ್ತಕ ನಮಗೆ ಸಿಗಲಿಲ್ಲ. ಅಪ್ಪಿತಪ್ಪಿ ಓಡಿದ್ದರೂ ಎದುರಿಗಿದ್ದವರು ಹತ್ತು ಪಟ್ಟು ಜನ! ಇಂಟರ್ ಸಿಟಿ ಫರ್ಮ್‌ನವರು ಹೊಡೆದವರ ಮೇಲೆ ವಿಸಿಟಿಂಗ್ ಕಾರ್ಡ್ ಬಿಟ್ಟು ಹೋಗ್ತಿದ್ರು, ‘ಅಭಿನಂದನೆಗಳು, ನೀವೀಗ ನಮ್ಮನ್ನು ಭೇಟಿಯಾದಿರಿ’ ಅನ್ನೋ ಅರ್ಥದ್ದು. ಆ ಸಾಲನ್ನೇ ಪೆನಂಟ್ ಇನ್ನೊಂದು ಪುಸ್ತಕದ ಹೆಸರಾಗಿಯೂ ಇಟ್ಟ. ಕಾರ್ಡ್ ಯಾರದ್ದು ಅಂತ ಎಲ್ಲರಿಗೂ ಗೊತ್ತು. ಯಾರ ಎದೆ ಮೇಲೆ ಬಿತ್ತು, ಅವನು ಮರುದಿನ ಕೆಲಸಕ್ಕೆ ಹೋದನಾ, ಹಲ್ಲು ಎಷ್ಟು ಉಳೀತು, ಯಾವುದೂ ಇಲ್ಲ.

ಅದಕ್ಕೇ ಬಿಲ್ ಬ್ಯುಫರ್ಡ್‌ನ ‘ಅಮಾಂಗ್ ದಿ ಥಗ್ಸ್’ ನಮಗೆ ಮೇಲು ಅನ್ನಿಸಿದ್ದು. ಈತ ಅಮೆರಿಕದವನು, ಸಾಹಿತ್ಯ ಪತ್ರಿಕೆಯ ಸಂಪಾದಕ. 1984ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳ ಜತೆ ಟುರಿನ್‌ಗೆ ಹೋಗಿ, ಅವರು ಆ ಊರಿನಲ್ಲಿ ಮಾಡಿದ ದಾಂಧಲೆ ಕಣ್ಣಾರೆ ನೋಡಿದ. ಗುಂಪಿನೊಳಗೆ ತನಗೂ ಮತ್ತೇರಿತ್ತು, ಖುಷಿಯಾಗಿತ್ತು ಅಂತ ಒಪ್ಪಿಕೊಳ್ಳುತ್ತಾನೆ. ಆ ಖುಷಿಯನ್ನು ಮಾರುವುದಿಲ್ಲ, ಅದನ್ನು ನೋಡಿ ಹೆದರುತ್ತಾನೆ.

‘ಹೋಗ್ಲಿ ಬಿಡ್ರೋ, ಹೊಡೆದಾಡಿದ್ದು ಅವರವರೇ ತಾನೇ’ ಅಂತ ನಮ್ಮಲ್ಲೇ ಒಬ್ಬರು ವಾದಿಸಿದರು. ಪುಂಡರೂ ಅದನ್ನೇ ಹೇಳ್ತಾರೆ. ಆದರೆ 1985ರ ಮೇ 29ರಂದು ಬ್ರಸೆಲ್ಸ್‌ನ ಹೈಸೆಲ್ ಸ್ಟೇಡಿಯಂನಲ್ಲಿ ಲಿವರ್‌ಪೂಲ್‌ನವರು ನುಗ್ಗಿ ಬಂದಾಗ ಗೋಡೆ ಕುಸಿದು ಸತ್ತ 39 ಜನ ಯಾವ ಫರ್ಮ್‌ನವರು? ಹೆಚ್ಚಿನವರು ಮ್ಯಾಚ್ ನೋಡಲು ಬಂದಿದ್ದ ಇಟಲಿಯವರು.

ನಮ್ಮನ್ನು ಇನ್ನೂ ಕಾಡೋದು ಹಿಲ್ಸ್‌ಬರೋ. ಪುಂಡರು ಮೈದಾನಕ್ಕೆ ನುಗ್ಗಬಾರದು ಅಂತ ಇಂಗ್ಲೆಂಡಿನ ಸ್ಟೇಡಿಯಂಗಳಲ್ಲಿ ಕಬ್ಬಿಣದ ಬೇಲಿ ಹಾಕಿದ್ದರು. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಅದೇ ಬೇಲಿಗೆ ಒತ್ತಿ ನಜ್ಜುಗುಜ್ಜಾದರು. ಉಸಿರಿಗಾಗಿ ಬೇಲಿ ಹತ್ತಿದವರನ್ನು ಪೊಲೀಸರು ಮೊದಮೊದಲು ಗಲಾಟೆಯವರು ಅಂದುಕೊಂಡರು. 97 ಸಾವು. ನಾಲ್ಕೇ ದಿನದಲ್ಲಿ ‘ದಿ ಸನ್’ ಪತ್ರಿಕೆ ಎಲ್ಲ ತಪ್ಪೂ ಕುಡಿದು ಬಂದ ಅಭಿಮಾನಿಗಳದ್ದೇ ಅನ್ನೋ ಹಾಗೆ ಮುಖಪುಟದಲ್ಲಿ ಬರೆಯಿತು. ದೇಶ ನಂಬಿತು. ಯಾಕೆ ನಂಬಲ್ಲ? ಫುಟ್‌ಬಾಲ್ ಅಭಿಮಾನಿ ಅಂದ್ರೆ ಪುಂಡ ಅನ್ನೋದು ಅಷ್ಟು ಹೊತ್ತಿಗೆ ಎಲ್ಲರಿಗೂ ‘ಗೊತ್ತಿತ್ತು’. ಆ ಹೆಸರು ಗಳಿಸಿಕೊಟ್ಟವರು ಇದೇ ಲೇಖಕರು. ಬೆಲೆ ತೆತ್ತವರು ಬೇರೆಯವರು. ‘ಸ್ಟೀಮಿಂಗ್ ಇನ್’ ಬಂದದ್ದೂ ಅದೇ ವರ್ಷ ಅನ್ನೋದು ಯಾಕೋ ಮರೆಯೋಕಾಗ್ತಿಲ್ಲ.

ಸುಳ್ಳು ಬಯಲಾಗೋಕೆ ದಶಕಗಳು ಬೇಕಾದವು. 2012ರ ಸ್ವತಂತ್ರ ಸಮಿತಿ 164 ಪೊಲೀಸ್ ಹೇಳಿಕೆಗಳನ್ನು ತಿದ್ದಿದ್ದನ್ನು ತೋರಿಸಿತು. ಅಭಿಮಾನಿಗಳ ವರ್ತನೆ ಕಾರಣವಲ್ಲ ಎಂದು 2016ರಲ್ಲಿ ಜ್ಯೂರಿ ಹೇಳಿತು.

ಪುಂಡರ ನೆನಪುಗಳನ್ನು ಓದಬೇಡಿ ಅಂತ ನಾವು ಹೇಳಲ್ಲ, ನಾವೇ ಓದಿದ್ದೀವಿ. ಓದಿ ಮುಗಿಸಿದ ದಿನ ಆನ್‌ಫೀಲ್ಡ್‌ನ ಹಿಲ್ಸ್‌ಬರೋ ಸ್ಮಾರಕದ ಫೋಟೊ ಒಮ್ಮೆ ತೆಗೆದು ನೋಡಿ. ಸತ್ತವರ ಹೆಸರಿನ ಜತೆ ವಯಸ್ಸೂ ಕೆತ್ತಿದ್ದಾರೆ. ಎಷ್ಟೋ ಜನ ನಮ್ಮ ಓರಗೆಯವರು. ಎಲ್ಲರಿಗಿಂತ ಚಿಕ್ಕವನಿಗೆ 10 ವರ್ಷ.